ಕ್ರಿಮಿನಲ್ ಮೇಲ್ಮನವಿಯಲ್ಲಿ ಹೆಚ್ಚುವರಿ ಸಾಕ್ಷ್ಯ

ಕ್ರಿಮಿನಲ್ ಮೇಲ್ಮನವಿಯಲ್ಲಿ ಹೆಚ್ಚುವರಿ ಸಾಕ್ಷ್ಯ ಎಂಬುದು, ವಿಚಾರಣಾ ನ್ಯಾಯಾಲಯದ ಕಡತದಲ್ಲಿ ಇಲ್ಲದ ಸಾಕ್ಷ್ಯವನ್ನು ಮೇಲ್ಮನವಿಯ ಹಂತದಲ್ಲಿ ದಾಖಲಿಸಿಕೊಳ್ಳಲು ಅವಕಾಶ ನೀಡುವ ಕಾರ್ಯವಿಧಾನವಾಗಿದೆ. ಭಾರತದಲ್ಲಿ ಈ ಅಧಿಕಾರವನ್ನು 1973ರ ದಂಡ ಪ್ರಕ್ರಿಯಾ ಸಂಹಿತೆಯ 391ನೆಯ ಕಲಂ ಮೇಲ್ಮನವಿ ನ್ಯಾಯಾಲಯಗಳಿಗೆ ನೀಡಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರಲ್ಲಿ ಇದೇ ನಿಬಂಧನೆಯು 432ನೆಯ ಕಲಮಿನಲ್ಲಿದೆ. ಮೇಲ್ಮನವಿಯನ್ನು ಕೆಳ ನ್ಯಾಯಾಲಯದ ದಾಖಲೆಗಳ ಆಧಾರದ ಮೇಲೆಯೇ ತೀರ್ಮಾನಿಸಬೇಕೆಂಬ ಸಾಮಾನ್ಯ ನಿಯಮಕ್ಕೆ ಇದು ಒಂದು ಅಪವಾದ. ನಿರಪರಾಧಿಯು ಸಾಕ್ಷ್ಯದ ಕೊರತೆಯಿಂದ ಶಿಕ್ಷೆಗೆ ಗುರಿಯಾಗಬಾರದು, ಅಪರಾಧಿಯು ವಿಚಾರಣೆಯಲ್ಲಾದ ಅಜಾಗರೂಕತೆಯಿಂದ ಪಾರಾಗಬಾರದು ಎಂಬುದು ಇದರ ಉದ್ದೇಶ. ಆದರೆ ಪಕ್ಷಕಾರರು ತಮ್ಮ ವಾದದ ಬಿರುಕುಗಳನ್ನು ಮುಚ್ಚಿಕೊಳ್ಳಲು ಇದನ್ನು ಬಳಸಬಾರದೆಂದು ಸರ್ವೋಚ್ಚ ನ್ಯಾಯಾಲಯವು ಹಲವು ತೀರ್ಪುಗಳಲ್ಲಿ ಎಚ್ಚರಿಸಿದೆ.

ಹಿನ್ನೆಲೆ

ಕ್ರಿಮಿನಲ್ ಪ್ರಕರಣದಲ್ಲಿ ಸಾಕ್ಷ್ಯವನ್ನು ದಾಖಲಿಸುವುದು ಮೂಲತಃ ವಿಚಾರಣಾ ನ್ಯಾಯಾಲಯದ ಕೆಲಸ. ಸಾಕ್ಷಿಯನ್ನು ಕಣ್ಣಾರೆ ಕಂಡು, ಮುಖ್ಯ ವಿಚಾರಣೆ ಮತ್ತು ಪಾಟೀಸವಾಲುಗಳಲ್ಲಿ ಆತ ಉತ್ತರಿಸುವ ರೀತಿಯನ್ನು ಗಮನಿಸಿ ನಂಬಿಕೆಯ ಮಟ್ಟವನ್ನು ಅಳೆಯುವ ಅವಕಾಶ ಆ ನ್ಯಾಯಾಧೀಶರಿಗೆ ಇರುತ್ತದೆ. ಮೇಲ್ಮನವಿ ನ್ಯಾಯಾಲಯದ ಮುಂದೆ ಬರುವುದು ಬರಹರೂಪದ ಕಡತ ಮಾತ್ರ. ಆದುದರಿಂದ ಮೇಲ್ಮನವಿಯಲ್ಲಿ ಹೊಸ ಸಾಕ್ಷ್ಯಕ್ಕೆ ಸಾಮಾನ್ಯವಾಗಿ ಸ್ಥಾನವಿಲ್ಲ. ಪ್ರತಿ ಹಂತದಲ್ಲಿಯೂ ಹೊಸ ಸಾಕ್ಷಿಗಳನ್ನು ತರಲು ಬಿಟ್ಟರೆ ಯಾವ ಪ್ರಕರಣಕ್ಕೂ ಕೊನೆಯೆಂಬುದು ಇರುವುದಿಲ್ಲ ಎಂಬುದು ಈ ನಿಯಮದ ಹಿಂದಿರುವ ವ್ಯಾವಹಾರಿಕ ಕಾರಣ.

ಆದರೂ ಈ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಿದರೆ ತಪ್ಪು ತೀರ್ಪುಗಳು ತಿದ್ದುಪಡಿಯಾಗದೆ ಉಳಿಯುವ ಅಪಾಯವಿದೆ. ವಸಾಹತು ಕಾಲದ ಶಾಸನಕಾರರೂ ಇದನ್ನು ಗುರುತಿಸಿದ್ದರು. 1898ರ ದಂಡ ಪ್ರಕ್ರಿಯಾ ಸಂಹಿತೆಯ 428ನೆಯ ಕಲಂ ಮೇಲ್ಮನವಿ ನ್ಯಾಯಾಲಯಕ್ಕೆ ಹೆಚ್ಚುವರಿ ಸಾಕ್ಷ್ಯ ಪಡೆಯುವ ಅಧಿಕಾರ ನೀಡಿತ್ತು. ಅಂತಹ ಸಾಕ್ಷ್ಯವನ್ನು ಜ್ಯೂರಿಗಳ ಸಮ್ಮುಖದಲ್ಲಿ ದಾಖಲಿಸಬಾರದೆಂಬ ಸೂಚನೆಯೂ ಅದರಲ್ಲಿತ್ತು. ಜ್ಯೂರಿ ಪದ್ಧತಿಗೆ ಎಡೆಯಿಲ್ಲದ 1973ರ ಸಂಹಿತೆಯಲ್ಲಿ ಆ ಸೂಚನೆಯನ್ನು ಕೈಬಿಡಲಾಯಿತು. ಆರೋಪಿಯ ಹಾಜರಾತಿಯನ್ನು ನ್ಯಾಯಾಲಯದ ವಿವೇಚನೆಗೆ ಬಿಡದೆ ಅವನ ಹಕ್ಕೆಂದು ಸ್ಪಷ್ಟಪಡಿಸಲಾಯಿತು.

ಶಾಸನಬದ್ಧ ನಿಬಂಧನೆ

432ನೆಯ ಕಲಂ, ಹಿಂದಿನ 391ನೆಯ ಕಲಮಿನಂತೆಯೇ, ನಾಲ್ಕು ಉಪಕಲಮುಗಳನ್ನು ಹೊಂದಿದೆ. ಅವುಗಳ ಸಾರಾಂಶ ಹೀಗಿದೆ:

1. ಮೇಲ್ಮನವಿಯನ್ನು ಪರಿಶೀಲಿಸುವಾಗ ಹೆಚ್ಚುವರಿ ಸಾಕ್ಷ್ಯವು ಅವಶ್ಯವೆಂದು ಕಂಡುಬಂದರೆ, ನ್ಯಾಯಾಲಯವು ಅದಕ್ಕೆ ಕಾರಣಗಳನ್ನು ದಾಖಲಿಸಬೇಕು. ಬಳಿಕ ಆ ಸಾಕ್ಷ್ಯವನ್ನು ತಾನೇ ಪಡೆಯಬಹುದು ಅಥವಾ ಮ್ಯಾಜಿಸ್ಟ್ರೇಟರಿಗೆ ಆ ಕೆಲಸವನ್ನು ವಹಿಸಬಹುದು. ಮೇಲ್ಮನವಿಯು ಉಚ್ಚ ನ್ಯಾಯಾಲಯದ ಮುಂದಿದ್ದರೆ ಸೆಷನ್ಸ್ ನ್ಯಾಯಾಲಯಕ್ಕೂ ವಹಿಸಬಹುದು.
2. ಸಾಕ್ಷ್ಯವನ್ನು ಸೆಷನ್ಸ್ ನ್ಯಾಯಾಲಯವಾಗಲಿ ಮ್ಯಾಜಿಸ್ಟ್ರೇಟರಾಗಲಿ ದಾಖಲಿಸಿದಲ್ಲಿ, ಅದನ್ನು ದೃಢೀಕರಿಸಿ ಮೇಲ್ಮನವಿ ನ್ಯಾಯಾಲಯಕ್ಕೆ ಕಳುಹಿಸಬೇಕು. ಅನಂತರ ಮೇಲ್ಮನವಿಯನ್ನು ತೀರ್ಮಾನಿಸಲಾಗುವುದು.
3. ಸಾಕ್ಷ್ಯ ದಾಖಲಿಸುವಾಗ ಹಾಜರಿರಲು ಆರೋಪಿಗೆ ಅಥವಾ ಅವನ ವಕೀಲರಿಗೆ ಹಕ್ಕಿದೆ.
4. ಸಾಕ್ಷ್ಯ ದಾಖಲಾತಿಗೆ ಸಂಬಂಧಿಸಿದ ಸಂಹಿತೆಯ ಅಧ್ಯಾಯದ ನಿಯಮಗಳು ಇಲ್ಲಿಯೂ ಅನ್ವಯಿಸುತ್ತವೆ.

ಈ ಅಧಿಕಾರವು ಶಿಕ್ಷೆಯ ವಿರುದ್ಧದ ಮೇಲ್ಮನವಿಗೆ ಮಾತ್ರ ಸೀಮಿತವಲ್ಲ. ಖುಲಾಸೆಯ ವಿರುದ್ಧ ಸರ್ಕಾರ ಸಲ್ಲಿಸುವ ಮೇಲ್ಮನವಿಯಲ್ಲಿಯೂ ಸಂತ್ರಸ್ತರು ಸಲ್ಲಿಸುವ ಮೇಲ್ಮನವಿಯಲ್ಲಿಯೂ ಇದನ್ನು ಚಲಾಯಿಸಬಹುದು. ಪುನರೀಕ್ಷಣೆಯ ಸಂದರ್ಭದಲ್ಲಿ ಉಚ್ಚ ನ್ಯಾಯಾಲಯವು ಬಳಸಬಹುದಾದ ಅಧಿಕಾರಗಳ ಪಟ್ಟಿಯಲ್ಲಿಯೂ ಇದು ಸೇರಿದೆ. ಕರ್ನಾಟಕದಲ್ಲಿ ಮ್ಯಾಜಿಸ್ಟ್ರೇಟರ ಶಿಕ್ಷಾದೇಶದ ವಿರುದ್ಧ ಸೆಷನ್ಸ್ ನ್ಯಾಯಾಲಯಕ್ಕೂ, ಸೆಷನ್ಸ್ ನ್ಯಾಯಾಲಯದ ಶಿಕ್ಷಾದೇಶದ ವಿರುದ್ಧ ಉಚ್ಚ ನ್ಯಾಯಾಲಯದ ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠಕ್ಕೂ ಮೇಲ್ಮನವಿ ಸಲ್ಲಿಸುವ ಕ್ರಮವಿದ್ದು, ಈ ಎರಡೂ ಹಂತಗಳಲ್ಲಿ ಹೆಚ್ಚುವರಿ ಸಾಕ್ಷ್ಯದ ಅರ್ಜಿಯನ್ನು ಸಲ್ಲಿಸಬಹುದು.

ಅನುಮತಿಯ ಮಾನದಂಡಗಳು

ಯಾವ ಸಾಕ್ಷ್ಯವು 'ಅವಶ್ಯ' ಎಂಬುದನ್ನು ಸಂಹಿತೆಯು ವ್ಯಾಖ್ಯಾನಿಸಿಲ್ಲ. ರಾಜೇಶ್ವರ ಪ್ರಸಾದ್ ಮಿಶ್ರ ವಿರುದ್ಧ ಪಶ್ಚಿಮ ಬಂಗಾಳ ರಾಜ್ಯ (1965) ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಹೆಚ್ಚುವರಿ ಸಾಕ್ಷ್ಯದ ಅವಶ್ಯಕತೆಯು ನಾನಾ ಕಾರಣಗಳಿಂದ ಉಂಟಾಗಬಹುದಾದ್ದರಿಂದ, ಶಾಸಕಾಂಗವೇ ಹೇಳದ ಮಿತಿಯನ್ನು ನ್ಯಾಯಾಲಯವು ವ್ಯಾಖ್ಯಾನದ ಮೂಲಕ ಹೇರುವುದು ಸರಿಯಲ್ಲವೆಂದು ಅಭಿಪ್ರಾಯಪಟ್ಟಿತು. ಅದೇ ವೇಳೆ, ಈ ಅಧಿಕಾರದ ಬಳಕೆಯಿಂದ ಪ್ರಕರಣದ ಸ್ವರೂಪವೇ ಬದಲಾಗಬಾರದು, ಅದು ಮರೆಯಲ್ಲಿ ನಡೆಸಿದ ಮರುವಿಚಾರಣೆಯಾಗಬಾರದು ಎಂದೂ ತಿಳಿಸಿತು. ತರುವಾಯದ ತೀರ್ಪುಗಳಿಂದ ರೂಪುಗೊಂಡಿರುವ ಮುಖ್ಯ ಮಾನದಂಡಗಳನ್ನು ಹೀಗೆ ಸಂಗ್ರಹಿಸಬಹುದು.

ನ್ಯಾಯದ ಅಗತ್ಯ: ಆ ಸಾಕ್ಷ್ಯವಿಲ್ಲದೆ ಸರಿಯಾದ ನಿರ್ಣಯಕ್ಕೆ ಬರಲು ಸಾಧ್ಯವಿಲ್ಲವೆಂದು ನ್ಯಾಯಾಲಯಕ್ಕೆ ಅನಿಸಬೇಕು. ಬ್ರಿಗೇಡಿಯರ್ ಸುಖಜೀತ್ ಸಿಂಗ್ ವಿರುದ್ಧ ಉತ್ತರ ಪ್ರದೇಶ ರಾಜ್ಯ (2019) ಪ್ರಕರಣದಲ್ಲಿ, ಹೆಚ್ಚುವರಿ ಸಾಕ್ಷ್ಯ ಅವಶ್ಯವೆಂದು ಮೇಲ್ಮನವಿ ನ್ಯಾಯಾಲಯವು ಭಾವಿಸುವುದೇ ಈ ಕಲಮಿನ ತಿರುಳು ಎಂದೂ, ನ್ಯಾಯದ ಗುರಿಯನ್ನು ಸಾಧಿಸಲು ಈ ಅಧಿಕಾರವಿದೆಯೆಂದೂ ಹೇಳಲಾಯಿತು.

ಅಪರೂಪದ ಬಳಕೆ: ರಾಮಭಾವು ವಿರುದ್ಧ ಮಹಾರಾಷ್ಟ್ರ ರಾಜ್ಯ (2001) ಹಾಗೂ ಅಶೋಕ್ ಶೆರಿಂಗ್ ಭುಟಿಯಾ ವಿರುದ್ಧ ಸಿಕ್ಕಿಂ ರಾಜ್ಯ (2011) ಪ್ರಕರಣಗಳ ಪ್ರಕಾರ, ಇದು ಸಾಮಾನ್ಯ ನಿಯಮಕ್ಕೆ ಅಪವಾದವಾದ ಅಧಿಕಾರ. ನ್ಯಾಯ ವಿಫಲಗೊಳ್ಳುವ ಸಂಭವವಿರುವಾಗ ಮಾತ್ರ ಇದನ್ನು ಮಿತವಾಗಿ, ಬಹು ಎಚ್ಚರದಿಂದ ಚಲಾಯಿಸಬೇಕು.

ಸಾಕಷ್ಟು ಶ್ರದ್ಧೆ: ಅಜಿತ್‌ಸಿಂಹ ಚೆಹುಜಿ ರಾಠೋಡ್ ವಿರುದ್ಧ ಗುಜರಾತ್ ರಾಜ್ಯ (2024) ಪ್ರಕರಣದಲ್ಲಿ, ಸಾಕಷ್ಟು ಶ್ರದ್ಧೆ ವಹಿಸಿದರೂ ವಿಚಾರಣೆಯ ವೇಳೆ ಆ ಸಾಕ್ಷ್ಯವನ್ನು ಮಂಡಿಸಲು ಪಕ್ಷಕಾರನಿಗೆ ಅಡ್ಡಿಯುಂಟಾಗಿದ್ದಾಗ, ಅಥವಾ ಅದಕ್ಕೆ ಕಾರಣವಾದ ಸಂಗತಿಗಳು ವಿಚಾರಣೆ ಮುಗಿದ ಮೇಲೆ ಬೆಳಕಿಗೆ ಬಂದಾಗ ಮಾತ್ರ ಅನುಮತಿ ನೀಡಬಹುದೆಂದು ನ್ಯಾಯಾಲಯವು ಹೇಳಿತು. ಇದು ಚೆಕ್ ಅಮಾನ್ಯಗೊಂಡ ಪ್ರಕರಣವಾಗಿತ್ತು. ಚೆಕ್ಕಿನ ಮೇಲಿನ ಸಹಿ ತನ್ನದಲ್ಲವೆಂದು ವಾದಿಸಿದ ಆರೋಪಿಯು, ಕೈಬರಹ ತಜ್ಞರ ಅಭಿಪ್ರಾಯ ಪಡೆಯಬೇಕೆಂದು ಮೇಲ್ಮನವಿಯ ಹಂತದಲ್ಲಿ ಕೋರಿದ್ದನು. ಆದರೆ ವಿಚಾರಣೆಯಲ್ಲಿ ಬ್ಯಾಂಕಿನ ಸಾಕ್ಷಿಗೆ ಸಹಿಯ ಕುರಿತು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಬ್ಯಾಂಕಿನಲ್ಲಿದ್ದ ಮಾದರಿ ಸಹಿಯ ದೃಢೀಕೃತ ಪ್ರತಿಯನ್ನು ಪಡೆದು ಹಾಜರುಪಡಿಸುವ ಮಾರ್ಗವೂ ಆತನಿಗೆ ತೆರೆದಿತ್ತು. ಈ ಕಾರಣಗಳಿಂದ ಕೋರಿಕೆಯನ್ನು ನಿರಾಕರಿಸಲಾಯಿತು.

ಕೊರತೆ ತುಂಬುವುದಕ್ಕೆ ನಿಷೇಧ: ಸಾಬೀತುಪಡಿಸಬೇಕಾದುದನ್ನು ಸಾಬೀತುಪಡಿಸಲು ಅವಕಾಶವಿದ್ದಾಗಲೂ ಸುಮ್ಮನಿದ್ದ ಅಭಿಯೋಜಕರಿಗೆ ಎರಡನೆಯ ಅವಕಾಶ ಕೊಡುವುದು ಈ ಕಲಮಿನ ಉದ್ದೇಶವಲ್ಲ. ಆದರೆ 'ಕೊರತೆ' ಎಂಬುದರ ಅರ್ಥವೇ ಅನೇಕ ಸಲ ವಿವಾದಕ್ಕೆ ಒಳಗಾಗಿದೆ. ರಾಜೇಂದ್ರ ಪ್ರಸಾದ್ ವಿರುದ್ಧ ನಾರ್ಕೋಟಿಕ್ ಸೆಲ್ (1999) ಪ್ರಕರಣದಲ್ಲಿ, ವಿಚಾರಣಾ ನ್ಯಾಯಾಲಯವು ಸಾಕ್ಷಿಯನ್ನು ಮತ್ತೆ ಕರೆಸುವ 311ನೆಯ ಕಲಮನ್ನು ಅರ್ಥೈಸುವಾಗ, ಸರ್ವೋಚ್ಚ ನ್ಯಾಯಾಲಯವು ಅಭಿಯೋಜನೆಯ ವಾದದೊಳಗೇ ಅಡಗಿರುವ ಅಂತರ್ಗತ ದೌರ್ಬಲ್ಯಕ್ಕೂ, ಪ್ರಕರಣವನ್ನು ನಡೆಸುವಾಗ ಕಣ್ತಪ್ಪಿನಿಂದ ಆದ ಲೋಪಕ್ಕೂ ಇರುವ ವ್ಯತ್ಯಾಸವನ್ನು ಗುರುತಿಸಿತು. ಮೊದಲನೆಯದನ್ನು ಸರಿಪಡಿಸಲು ಬಿಡಲಾಗದು, ಎರಡನೆಯದನ್ನು ಸರಿಪಡಿಸಬಹುದು. ಮೇಲ್ಮನವಿಯ ಹಂತದ ಅರ್ಜಿಗಳಲ್ಲಿಯೂ ವಕೀಲರು ಈ ವಿಂಗಡಣೆಯನ್ನು ಆಧರಿಸುವುದುಂಟು.

ಸಾಕ್ಷ್ಯದ ಸ್ವರೂಪದ ಮೇಲೆ ಯಾವ ನಿರ್ಬಂಧವೂ ಇಲ್ಲ. ಅದು ಬಾಯಿಮಾತಿನ ಸಾಕ್ಷ್ಯವಾಗಿರಬಹುದು, ದಾಖಲೆಯಾಗಿರಬಹುದು ಅಥವಾ ತಜ್ಞರ ವರದಿಯಾಗಿರಬಹುದು. ಅಭಿಯೋಜನೆಯ ಪರವಾಗಿಯೂ ಪ್ರತಿರಕ್ಷೆಯ ಪರವಾಗಿಯೂ ಇರಬಹುದು.

ಕಾರ್ಯವಿಧಾನ

ಹೆಚ್ಚುವರಿ ಸಾಕ್ಷ್ಯವನ್ನು ಪಡೆಯುವಂತೆ ಯಾವುದೇ ಪಕ್ಷಕಾರನು ಅರ್ಜಿ ಸಲ್ಲಿಸಬಹುದು. ಅರ್ಜಿಯಿಲ್ಲದೆ ನ್ಯಾಯಾಲಯವೇ ಸ್ವಯಂಪ್ರೇರಿತವಾಗಿ ಆದೇಶಿಸಲೂ ಬಹುದು. ಯಾವ ಸಾಕ್ಷ್ಯವನ್ನು ತರಲಾಗುತ್ತಿದೆ, ಯಾವ ವಿವಾದಿತ ಅಂಶಕ್ಕೆ ಅದು ಸಂಬಂಧಿಸಿದೆ, ವಿಚಾರಣೆಯ ಕಾಲದಲ್ಲಿ ಅದನ್ನು ಏಕೆ ಮಂಡಿಸಲಿಲ್ಲ ಎಂಬ ಮೂರು ಪ್ರಶ್ನೆಗಳಿಗೆ ಅರ್ಜಿಯಲ್ಲಿ ಉತ್ತರವಿರಬೇಕಾಗುತ್ತದೆ. ಎದುರು ಪಕ್ಷಕ್ಕೆ ಆಕ್ಷೇಪಣೆ ಸಲ್ಲಿಸಲು ಅವಕಾಶ ನೀಡಲಾಗುತ್ತದೆ.

ಅನುಮತಿ ದೊರೆತರೆ ಸಾಕ್ಷಿಯ ಮುಖ್ಯ ವಿಚಾರಣೆ ನಡೆದು, ಎದುರು ಪಕ್ಷದವರು ಪಾಟೀಸವಾಲು ಮಾಡುತ್ತಾರೆ. ದಾಖಲೆಯೊಂದನ್ನು ಕಡತಕ್ಕೆ ಸೇರಿಸಿದ ಮಾತ್ರಕ್ಕೆ ಅದು ಸಾಬೀತಾದಂತಲ್ಲ. ಎದುರು ಪಕ್ಷವು ಒಪ್ಪದಿದ್ದಲ್ಲಿ ಸಾಕ್ಷ್ಯ ಕಾನೂನಿನ ರೀತ್ಯಾ ಅದನ್ನು ರುಜುವಾತುಪಡಿಸಬೇಕು. ಹೊಸ ಸಾಕ್ಷ್ಯದಲ್ಲಿ ಆರೋಪಿಗೆ ಪ್ರತಿಕೂಲವಾದ ಸಂಗತಿಗಳಿದ್ದರೆ, ಅವುಗಳ ಬಗ್ಗೆ ವಿವರಣೆ ನೀಡಲು ಅವನಿಗೆ ಅವಕಾಶವಿರಬೇಕು. ಹೆಚ್ಚುವರಿ ಸಾಕ್ಷ್ಯಕ್ಕೆ ಪ್ರತಿಯಾಗಿ ತನ್ನ ಸಾಕ್ಷ್ಯವನ್ನು ಮಂಡಿಸಲೂ ಅವನು ಕೋರಬಹುದು. ಅಂತಿಮವಾಗಿ ಹಳೆಯ ಮತ್ತು ಹೊಸ ಸಾಕ್ಷ್ಯಗಳನ್ನು ಒಟ್ಟಾಗಿ ತೂಗಿ ಮೇಲ್ಮನವಿಯನ್ನು ನಿರ್ಣಯಿಸಲಾಗುತ್ತದೆ. ಸಾಕ್ಷ್ಯವನ್ನು ಪಡೆಯಲು ಅನುಮತಿ ನೀಡುವುದು ಬೇರೆ, ಅದನ್ನು ನಂಬುವುದು ಬೇರೆ. ಅನುಮತಿ ದೊರೆತ ಮಾತ್ರಕ್ಕೆ ಮೇಲ್ಮನವಿ ಗೆದ್ದಂತಾಗುವುದಿಲ್ಲ.

ಮರುವಿಚಾರಣೆ ಮತ್ತು ಸಾಕ್ಷಿಯ ಮರುಕರೆಯಿಂದ ಇರುವ ಭೇದ

ಹೆಚ್ಚುವರಿ ಸಾಕ್ಷ್ಯ ಪಡೆಯುವುದು, ಮರುವಿಚಾರಣೆಗೆ ಆದೇಶಿಸುವುದು ಹಾಗೂ ವಿಚಾರಣಾ ನ್ಯಾಯಾಲಯವು ಸಾಕ್ಷಿಯನ್ನು ಮರಳಿ ಕರೆಸುವುದು ಪರಸ್ಪರ ಭಿನ್ನವಾದ ಅಧಿಕಾರಗಳು. ಮರುವಿಚಾರಣೆಯಾದರೆ ಹಿಂದಿನ ತೀರ್ಪು ಅಳಿದು, ಆರೋಪಿಯು ಮೊದಲಿನಿಂದ ಇಡೀ ವಿಚಾರಣೆಯನ್ನು ಮತ್ತೊಮ್ಮೆ ಎದುರಿಸಬೇಕಾಗುತ್ತದೆ. ಹೆಚ್ಚುವರಿ ಸಾಕ್ಷ್ಯದಲ್ಲಿ ಹಿಂದಿನ ದಾಖಲೆ ಹಾಗೆಯೇ ಉಳಿದು, ನಿರ್ದಿಷ್ಟ ಅಂಶದ ಮೇಲಷ್ಟೆ ಹೊಸ ಸಾಕ್ಷ್ಯ ಸೇರುತ್ತದೆ.

ಉಖಾ ಕೋಲ್ಹೆ ವಿರುದ್ಧ ಮಹಾರಾಷ್ಟ್ರ ರಾಜ್ಯ (1963) ಪ್ರಕರಣದಲ್ಲಿ ಈ ಭೇದವು ನಿರ್ಣಾಯಕವಾಯಿತು. ಮದ್ಯ ಸೇವಿಸಿದ ಆರೋಪಕ್ಕೆ ಸಂಬಂಧಿಸಿದ ಆ ಪ್ರಕರಣದಲ್ಲಿ, ರಕ್ತದ ಮಾದರಿಯನ್ನು ಸಂಗ್ರಹಿಸಿದಂದಿನಿಂದ ಪರೀಕ್ಷಕರಿಗೆ ತಲುಪುವವರೆಗೆ ಅದು ಯಾರ ವಶದಲ್ಲಿತ್ತು, ಹೇಗೆ ಕಾಪಾಡಲಾಗಿತ್ತು ಎಂಬುದಕ್ಕೆ ಸಾಕಷ್ಟು ಸಾಕ್ಷ್ಯವಿರಲಿಲ್ಲ. ಸೆಷನ್ಸ್ ನ್ಯಾಯಾಲಯವು ಮರುವಿಚಾರಣೆಗೆ ಆದೇಶಿಸಿತ್ತು. ಸಂವಿಧಾನ ಪೀಠವು ಆ ಆದೇಶವನ್ನು ರದ್ದುಗೊಳಿಸಿ, ಅಸಾಧಾರಣ ಸಂದರ್ಭಗಳಲ್ಲಲ್ಲದೆ ಮರುವಿಚಾರಣೆಗೆ ಆದೇಶಿಸಲಾಗದೆಂದೂ, ಬೇಕಾದ ಸಾಕ್ಷ್ಯವನ್ನು 428ನೆಯ ಕಲಮಿನಡಿ ಪಡೆದು ಮೇಲ್ಮನವಿಯನ್ನು ತೀರ್ಮಾನಿಸಬಹುದೆಂದೂ ಹೇಳಿತು. ಅದೇ ವರ್ಷ ವರದಿಯಾದ ಅವಿನಾಶ್ ಚಂದ್ರ ಬೋಸ್ ವಿರುದ್ಧ ಬಿಮಲ್ ಕೃಷ್ಣ ಸೇನ್ ಪ್ರಕರಣದಲ್ಲಿ, ಪತ್ರವೊಂದರ ಕೈಬರಹದ ಬಗ್ಗೆ ತಜ್ಞರ ಸಾಕ್ಷ್ಯ ಮಂಡಿಸಲು ಅನುವಾಗಲೆಂದು ಉಚ್ಚ ನ್ಯಾಯಾಲಯವು ಖುಲಾಸೆಯನ್ನು ತಳ್ಳಿಹಾಕಿ ಮರುವಿಚಾರಣೆಗೆ ಆದೇಶಿಸಿದ್ದನ್ನು ಸರ್ವೋಚ್ಚ ನ್ಯಾಯಾಲಯವು ಒಪ್ಪಲಿಲ್ಲ. ಅವಕಾಶವಿದ್ದಾಗ ತಜ್ಞರನ್ನು ಕರೆಸದ ಪಕ್ಷವು ಅದರ ಫಲವನ್ನು ಅನುಭವಿಸಬೇಕೇ ಹೊರತು, ಆರೋಪಿಯನ್ನು ಎರಡನೆಯ ಬಾರಿ ವಿಚಾರಣೆಗೆ ಒಡ್ಡಲಾಗದೆಂಬುದು ಅದರ ನಿಲುವಾಗಿತ್ತು.

ಸಾಕ್ಷಿಯನ್ನು ಮರಳಿ ಕರೆಸುವ ಅಧಿಕಾರವು ಹಳೆಯ ಸಂಹಿತೆಯ 311ನೆಯ, ಹೊಸ ಸಂಹಿತೆಯ 348ನೆಯ ಕಲಮಿನಲ್ಲಿದ್ದು, ತೀರ್ಪು ಹೊರಬೀಳುವ ಮುನ್ನ ವಿಚಾರಣಾ ನ್ಯಾಯಾಲಯವೇ ಅದನ್ನು ಬಳಸುತ್ತದೆ. 2008ರ ಜುಲೈ 25ರ ಬೆಂಗಳೂರು ಸರಣಿ ಸ್ಫೋಟ ಪ್ರಕರಣದಲ್ಲಿ ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಬೇಕಾದ 65ಬಿ ಪ್ರಮಾಣಪತ್ರವನ್ನು ತಡವಾಗಿ ಹಾಜರುಪಡಿಸಲು ಕೆಳಗಿನ ನ್ಯಾಯಾಲಯಗಳು ನಿರಾಕರಿಸಿದ್ದವು. ಸರ್ವೋಚ್ಚ ನ್ಯಾಯಾಲಯವು 2023ರ ನವೆಂಬರ್ 6ರಂದು ಅದಕ್ಕೆ ಅನುಮತಿ ನೀಡಿತು. ವಿಚಾರಣೆಯು ಇನ್ನೂ ಮುಗಿದಿರಲಿಲ್ಲವಾದ್ದರಿಂದ ಅಲ್ಲಿ ಪ್ರಶ್ನೆಯು 311ನೆಯ ಕಲಮಿನ ವ್ಯಾಪ್ತಿಗೆ ಸೇರಿತ್ತು. ತೀರ್ಪಿನ ನಂತರ ಅಂತಹುದೇ ಕೋರಿಕೆ ಬಂದಿದ್ದರೆ 391ನೆಯ ಕಲಮಿನ ಕಠಿಣತರ ಮಾನದಂಡಗಳು ಅನ್ವಯಿಸುತ್ತಿದ್ದವು.

ಬೆಸ್ಟ್ ಬೇಕರಿ ಪ್ರಕರಣ

ಈ ಕಲಮಿನ ಕುರಿತು ಹೆಚ್ಚು ಚರ್ಚೆಗೆ ಒಳಗಾದ ತೀರ್ಪುಗಳಲ್ಲಿ ಒಂದು, ಜಾಹಿರಾ ಹಬೀಬುಲ್ಲಾ ಶೇಖ್ ವಿರುದ್ಧ ಗುಜರಾತ್ ರಾಜ್ಯ (2004). 2002ರ ಮಾರ್ಚ್ 1ರಂದು ವಡೋದರಾದ ಬೆಸ್ಟ್ ಬೇಕರಿಯ ಮೇಲೆ ನಡೆದ ದಾಳಿಯಲ್ಲಿ 14 ಮಂದಿ ಹತರಾದರು. ವಿಚಾರಣೆಯ ವೇಳೆ ಪ್ರಮುಖ ಸಾಕ್ಷಿಗಳು ಪ್ರತಿಕೂಲವಾಗಿ ನುಡಿದರು. 2003ರ ಜೂನ್ 27ರಂದು 21 ಆರೋಪಿಗಳೂ ಖುಲಾಸೆಗೊಂಡರು. ಬೆದರಿಕೆಯ ಕಾರಣ ಸತ್ಯ ಹೇಳಲಾಗಲಿಲ್ಲವೆಂದು ಸಾಕ್ಷಿಗಳು ಆಮೇಲೆ ತಿಳಿಸಿದ ಹಿನ್ನೆಲೆಯಲ್ಲಿ, ಮೇಲ್ಮನವಿಯಲ್ಲಿ ಹೆಚ್ಚುವರಿ ಸಾಕ್ಷ್ಯಕ್ಕೆ ಕೋರಲಾಯಿತು. ಗುಜರಾತ್ ಉಚ್ಚ ನ್ಯಾಯಾಲಯವು ಅದನ್ನು ತಿರಸ್ಕರಿಸಿ ಖುಲಾಸೆಯನ್ನು ಎತ್ತಿಹಿಡಿಯಿತು.

ಸರ್ವೋಚ್ಚ ನ್ಯಾಯಾಲಯವು 2004ರ ಏಪ್ರಿಲ್ 12ರ ತೀರ್ಪಿನಲ್ಲಿ ಈ ನಿಲುವನ್ನು ತೀವ್ರವಾಗಿ ಟೀಕಿಸಿತು. ನ್ಯಾಯಾಲಯವು ಎರಡು ಪಕ್ಷಗಳ ನಡುವಿನ ಸ್ಪರ್ಧೆಯನ್ನು ನೋಡುತ್ತ ಕುಳಿತ ಮೂಕ ಪ್ರೇಕ್ಷಕನಾಗಬಾರದು, ಸತ್ಯವನ್ನು ಹೊರತರುವುದರಲ್ಲಿ ಸಕ್ರಿಯ ಪಾತ್ರ ವಹಿಸಬೇಕು, ಅದಕ್ಕಾಗಿಯೇ 311 ಮತ್ತು 391ನೆಯ ಕಲಮುಗಳಿವೆ ಎಂದು ಅದು ಪ್ರತಿಪಾದಿಸಿತು. ತನಿಖೆ ಮತ್ತು ಅಭಿಯೋಜನೆಗಳೆರಡೂ ದೋಷಪೂರಿತವಾಗಿದ್ದವೆಂದು ಕಂಡುಬಂದುದರಿಂದ, ಕೆಲವು ಸಾಕ್ಷಿಗಳನ್ನು ಮಾತ್ರ ಮತ್ತೆ ಕೇಳಿದರೆ ಸಾಲದೆಂದು ಮಹಾರಾಷ್ಟ್ರದಲ್ಲಿ ಮರುವಿಚಾರಣೆ ನಡೆಸಲು ಆದೇಶಿಸಿತು. 2006ರ ಫೆಬ್ರವರಿಯಲ್ಲಿ ಮುಂಬಯಿಯ ವಿಶೇಷ ನ್ಯಾಯಾಲಯವು 9 ಮಂದಿಯನ್ನು ತಪ್ಪಿತಸ್ಥರೆಂದು ಘೋಷಿಸಿತು. 2012ರ ಜುಲೈಯಲ್ಲಿ ಬಾಂಬೆ ಉಚ್ಚ ನ್ಯಾಯಾಲಯವು ಅವರಲ್ಲಿ ನಾಲ್ವರ ಶಿಕ್ಷೆಯನ್ನು ಎತ್ತಿಹಿಡಿದು ಐವರನ್ನು ಬಿಡುಗಡೆ ಮಾಡಿತು.

ಮರಣದಂಡನೆಯ ಪ್ರಕರಣಗಳು

ಸೆಷನ್ಸ್ ನ್ಯಾಯಾಲಯವು ವಿಧಿಸಿದ ಮರಣದಂಡನೆಯು ಉಚ್ಚ ನ್ಯಾಯಾಲಯದ ದೃಢೀಕರಣವಿಲ್ಲದೆ ಜಾರಿಯಾಗುವುದಿಲ್ಲ. ದೃಢೀಕರಣದ ಹಂತಕ್ಕಾಗಿ ಹಳೆಯ ಸಂಹಿತೆಯ 367ನೆಯ ಹಾಗೂ ಹೊಸ ಸಂಹಿತೆಯ 408ನೆಯ ಕಲಂ ಪ್ರತ್ಯೇಕ ಅಧಿಕಾರವನ್ನು ನೀಡಿವೆ. ಶಿಕ್ಷಿತನ ಅಪರಾಧಿತ್ವಕ್ಕೆ ಅಥವಾ ನಿರಪರಾಧಿತ್ವಕ್ಕೆ ಸಂಬಂಧಿಸಿದ ಯಾವುದೇ ಅಂಶದ ಮೇಲೆ ಉಚ್ಚ ನ್ಯಾಯಾಲಯವು ಹೆಚ್ಚಿನ ವಿಚಾರಣೆ ನಡೆಸಬಹುದು ಅಥವಾ ಸಾಕ್ಷ್ಯ ಪಡೆಯಬಹುದು. ಗಮನಾರ್ಹ ಸಂಗತಿಯೆಂದರೆ, ಸಾಮಾನ್ಯ ಮೇಲ್ಮನವಿಯಲ್ಲಿ ಆರೋಪಿಯ ಹಾಜರಾತಿಯು ಹಕ್ಕಾಗಿದ್ದರೆ, ಇಲ್ಲಿ ಉಚ್ಚ ನ್ಯಾಯಾಲಯವು ಬೇರೆ ರೀತಿ ನಿರ್ದೇಶಿಸದ ಹೊರತು ಶಿಕ್ಷಿತನ ಹಾಜರಾತಿಯಿಲ್ಲದೆಯೂ ಸಾಕ್ಷ್ಯ ದಾಖಲಿಸಬಹುದು.

ಶಿಕ್ಷೆಯ ಪ್ರಮಾಣವನ್ನು ನಿರ್ಧರಿಸಲು ಬೇಕಾದ ಮಾಹಿತಿಯೂ ಮೇಲ್ಮನವಿಯ ಹಂತದಲ್ಲಿ ಬರುವುದುಂಟು. ಮನೋಜ್ ವಿರುದ್ಧ ಮಧ್ಯಪ್ರದೇಶ ರಾಜ್ಯ (2022) ತೀರ್ಪಿನಲ್ಲಿ, ಆರೋಪಿಯ ಕೌಟುಂಬಿಕ ಹಿನ್ನೆಲೆ, ಮಾನಸಿಕ ಆರೋಗ್ಯ, ಸೆರೆಮನೆಯಲ್ಲಿನ ನಡತೆ ಮುಂತಾದ ವಿವರಗಳನ್ನು ವಿಚಾರಣಾ ಹಂತದಲ್ಲಿಯೇ ಸಂಗ್ರಹಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು ನಿರ್ದೇಶಿಸಿತು.

ಅಪ್ರಾಪ್ತತೆಯ ವಾದ

ಕೃತ್ಯ ನಡೆದಾಗ ಆರೋಪಿಯು ಬಾಲಕನಾಗಿದ್ದನೆಂಬ ವಾದಕ್ಕೆ ಮೇಲಿನ ಮಿತಿಗಳು ಅನ್ವಯಿಸುವುದಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 9ನೆಯ ಕಲಮಿನ ಪ್ರಕಾರ ಈ ವಾದವನ್ನು ಯಾವುದೇ ನ್ಯಾಯಾಲಯದ ಮುಂದೆ, ಯಾವುದೇ ಹಂತದಲ್ಲಿ, ಪ್ರಕರಣವು ಅಂತಿಮವಾಗಿ ಇತ್ಯರ್ಥಗೊಂಡ ನಂತರವೂ ಮಂಡಿಸಬಹುದು. ಪುಣೆಯಲ್ಲಿ 1994ರಲ್ಲಿ ನಡೆದ ಏಳು ಮಂದಿಯ ಕೊಲೆ ಪ್ರಕರಣದಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಒಬ್ಬ ವ್ಯಕ್ತಿಯ ವಿಷಯದಲ್ಲಿ ಇದರ ಪರಿಣಾಮ ಕಂಡುಬಂದಿತು. ಸರ್ವೋಚ್ಚ ನ್ಯಾಯಾಲಯವು ಮರಣದಂಡನೆಯನ್ನು ಎತ್ತಿಹಿಡಿದು ಪುನರ್ವಿಮರ್ಶಾ ಅರ್ಜಿಯನ್ನೂ ವಜಾ ಮಾಡಿತ್ತು. ಬಹುಕಾಲದ ನಂತರ ಶಾಲಾ ದಾಖಲೆಗಳ ಆಧಾರದ ಮೇಲೆ ವಯಸ್ಸಿನ ವಿಚಾರಣೆ ನಡೆದು, ಕೃತ್ಯದ ದಿನ ಆತನಿಗೆ 12 ವರ್ಷ 6 ತಿಂಗಳಾಗಿತ್ತೆಂದು ತೀರ್ಮಾನವಾಯಿತು. 2023ರ ಮಾರ್ಚ್ 27ರಂದು ನ್ಯಾಯಾಲಯವು ಬಿಡುಗಡೆಗೆ ಆದೇಶಿಸಿದಾಗ ಆತ ಸೆರೆಮನೆಯಲ್ಲಿ 28 ವರ್ಷಗಳಿಗೂ ಹೆಚ್ಚು ಕಾಲ ಕಳೆದಿದ್ದನು.

ಇತರ ದೇಶಗಳಲ್ಲಿ

ಇಂಗ್ಲೆಂಡಿನಲ್ಲಿ 1968ರ ಕ್ರಿಮಿನಲ್ ಅಪೀಲ್ ಕಾಯ್ದೆಯ 23ನೆಯ ಕಲಂ ಈ ವಿಷಯವನ್ನು ನಿಯಂತ್ರಿಸುತ್ತದೆ. ಸಾಕ್ಷ್ಯವು ನಂಬಲರ್ಹವೇ, ಮೇಲ್ಮನವಿಯನ್ನು ಪುರಸ್ಕರಿಸಲು ಅದು ಆಧಾರವಾಗಬಲ್ಲುದೇ, ವಿಚಾರಣೆಯಲ್ಲಿ ಅದು ಸ್ವೀಕಾರಾರ್ಹವಾಗುತ್ತಿತ್ತೇ, ಆಗ ಮಂಡಿಸದಿರಲು ಸಮಂಜಸ ವಿವರಣೆಯಿದೆಯೇ ಎಂಬ ನಾಲ್ಕು ಅಂಶಗಳನ್ನು ನ್ಯಾಯಾಲಯವು ಪರಿಗಣಿಸಬೇಕು. ಬರ್ಮಿಂಗ್‌ಹ್ಯಾಮ್ ಬಾಂಬ್ ಸ್ಫೋಟಗಳ ಪ್ರಕರಣದಲ್ಲಿ 1975ರಲ್ಲಿ ಜೀವಾವಧಿ ಶಿಕ್ಷೆಗೆ ಗುರಿಯಾಗಿದ್ದ ಆರು ಮಂದಿಯ ಶಿಕ್ಷೆಗಳು ಹೊಸ ವೈಜ್ಞಾನಿಕ ಸಾಕ್ಷ್ಯದ ಬೆಳಕಿನಲ್ಲಿ 1991ರ ಮಾರ್ಚ್ 14ರಂದು ರದ್ದಾದವು. ತರುವಾಯ 1995ರ ಕಾಯ್ದೆಯಡಿ, ಅನ್ಯಾಯದ ಶಿಕ್ಷೆಗಳ ದೂರುಗಳನ್ನು ತನಿಖೆ ಮಾಡಿ ಮೇಲ್ಮನವಿ ನ್ಯಾಯಾಲಯಕ್ಕೆ ಮರಳಿ ಕಳುಹಿಸುವ ಸ್ವತಂತ್ರ ಆಯೋಗವೊಂದು ಸ್ಥಾಪನೆಯಾಯಿತು. ಕೆನಡಾದಲ್ಲಿ 1980ರಲ್ಲಿ ವರದಿಯಾದ ಪಾಮರ್ ತೀರ್ಪು ಇಂತಹುದೇ ನಾಲ್ಕು ಅಂಶಗಳ ಪರೀಕ್ಷೆಯನ್ನು ರೂಪಿಸಿತು. ಶ್ರದ್ಧೆಯ ಅಂಶವನ್ನು ಸಿವಿಲ್ ಪ್ರಕರಣಗಳಲ್ಲಿರುವಷ್ಟು ಬಿಗಿಯಾಗಿ ಕ್ರಿಮಿನಲ್ ಪ್ರಕರಣಗಳಿಗೆ ಅನ್ವಯಿಸಬಾರದೆಂದು ಅದು ಹೇಳಿತು. ಅಮೆರಿಕ ಸಂಯುಕ್ತ ಸಂಸ್ಥಾನದ ಫೆಡರಲ್ ಪದ್ಧತಿಯಲ್ಲಿ ಹೊಸದಾಗಿ ದೊರೆತ ಸಾಕ್ಷ್ಯವನ್ನು ಆಧರಿಸಿದ ಮರುವಿಚಾರಣೆಯ ಅರ್ಜಿಯನ್ನು ವಿಚಾರಣಾ ನ್ಯಾಯಾಲಯಕ್ಕೇ, ತಪ್ಪಿತಸ್ಥನೆಂಬ ನಿರ್ಣಯವಾದ ಮೂರು ವರ್ಷಗಳೊಳಗೆ ಸಲ್ಲಿಸಬೇಕು.

ಮಿತಿಗಳು ಮತ್ತು ಟೀಕೆ

432ನೆಯ ಕಲಂ ಮೇಲ್ಮನವಿಯು ಬಾಕಿಯಿರುವಷ್ಟು ಕಾಲ ಮಾತ್ರ ಉಪಯೋಗಕ್ಕೆ ಬರುತ್ತದೆ. ಮೇಲ್ಮನವಿಯು ಇತ್ಯರ್ಥಗೊಂಡ ಬಳಿಕ ನಿರಪರಾಧಿತ್ವವನ್ನು ತೋರಿಸುವ ಸಾಕ್ಷ್ಯ ದೊರೆತರೆ, ಅದನ್ನು ಪರಿಶೀಲಿಸಲು ಇಂಗ್ಲೆಂಡಿನ ಆಯೋಗದಂತಹ ಸಂಸ್ಥೆಯು ಭಾರತದಲ್ಲಿ ಇಲ್ಲ. ಉಳಿಯುವ ದಾರಿಗಳೆಂದರೆ ಸರ್ವೋಚ್ಚ ನ್ಯಾಯಾಲಯದಲ್ಲಿ ಪುನರ್ವಿಮರ್ಶಾ ಅರ್ಜಿ, 2002ರ ರೂಪಾ ಅಶೋಕ್ ಹುರ್ರಾ ತೀರ್ಪಿನಿಂದ ರೂಪುಗೊಂಡ ಪರಿಹಾರಾತ್ಮಕ ಅರ್ಜಿ, ಹಾಗೂ ಸಂವಿಧಾನದ 72 ಮತ್ತು 161ನೆಯ ಅನುಚ್ಛೇದಗಳಡಿ ರಾಷ್ಟ್ರಪತಿ ಅಥವಾ ರಾಜ್ಯಪಾಲರಿಗೆ ಸಲ್ಲಿಸುವ ಕ್ಷಮಾದಾನದ ಅರ್ಜಿ. ರಾಷ್ಟ್ರಪತಿಗಳು ಸಾಕ್ಷ್ಯವನ್ನು ಸ್ವತಃ ಪರಿಶೀಲಿಸಿ, ನ್ಯಾಯಾಲಯವು ತಲುಪಿದ ತೀರ್ಮಾನಕ್ಕಿಂತ ಭಿನ್ನವಾದ ಅಭಿಪ್ರಾಯಕ್ಕೆ ಬರಬಹುದೆಂದು ಕೇಹರ್ ಸಿಂಗ್ ಪ್ರಕರಣದಲ್ಲಿ ಹೇಳಲಾಗಿದೆ. ಆದರೆ ಅದು ಕಾರ್ಯಾಂಗದ ಅಧಿಕಾರವೇ ಹೊರತು ನ್ಯಾಯಾಲಯದ ನಿರ್ಣಯವಲ್ಲ.

ಶ್ರದ್ಧೆಯ ಮಾನದಂಡವೂ ಟೀಕೆಗೆ ಒಳಗಾಗಿದೆ. ಸ್ವಂತ ವಕೀಲರನ್ನು ನೇಮಿಸಿಕೊಳ್ಳಲಾಗದ ಬಡ ಆರೋಪಿಗಳು, ವಿಚಾರಣೆಯ ಉದ್ದಕ್ಕೂ ಸೆರೆಯಲ್ಲಿದ್ದವರು ದಾಖಲೆಗಳನ್ನು ಸಂಗ್ರಹಿಸಲಾರರು. ವಕೀಲರು ಕೇಳದೆ ಬಿಟ್ಟ ಪ್ರಶ್ನೆಯ ಹೊರೆಯನ್ನು ಅಂತಹವರ ಮೇಲೆಯೇ ಹೊರಿಸುವುದು ಎಷ್ಟು ಸಮಂಜಸ ಎಂಬುದು ಟೀಕಾಕಾರರ ಪ್ರಶ್ನೆ. ಇದಕ್ಕೆ ಪ್ರತಿಯಾಗಿ, ಮಾನದಂಡವನ್ನು ಸಡಿಲಿಸಿದರೆ ಖುಲಾಸೆಗೊಂಡವರ ವಿರುದ್ಧವೂ ಅಭಿಯೋಜನೆಯು ಅದೇ ಸಡಿಲಿಕೆಯನ್ನು ಕೇಳುವುದೆಂದೂ, ಸಾಕ್ಷಿಗಳ ಮೇಲೆ ಒತ್ತಡ ತಂದು ಹೇಳಿಕೆ ಬದಲಿಸುವ ಪ್ರವೃತ್ತಿಗೆ ಪ್ರೋತ್ಸಾಹ ದೊರೆಯುವುದೆಂದೂ ವಾದಿಸಲಾಗುತ್ತದೆ. ಕಲಮಿನಲ್ಲಿರುವ 'ಅವಶ್ಯ' ಎಂಬ ಒಂದು ಪದದ ಅರ್ಥವನ್ನು ಈ ಎರಡು ಆತಂಕಗಳ ನಡುವೆ ಆಯಾ ಪ್ರಕರಣದ ಸಂಗತಿಗಳಿಗೆ ತಕ್ಕಂತೆ ನಿರ್ಧರಿಸುವ ಹೊಣೆ ಮೇಲ್ಮನವಿ ನ್ಯಾಯಾಲಯದ ಮೇಲಿದೆ.

ಇವನ್ನೂ ನೋಡಿ

- ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ
- ಭಾರತೀಯ ಸಾಕ್ಷ್ಯ ಅಧಿನಿಯಮ
- ಕರ್ನಾಟಕ ಉಚ್ಚ ನ್ಯಾಯಾಲಯ
- ಮರಣದಂಡನೆ
- ಕ್ಷಮಾದಾನ